ಒಂದು ಮೊಳೆಯನ್ನೂ ಹೊಡೆಯದೆ ಹಾಲ್ ಎರಡು ಮಾಡಿದ್ದು

ಕಬ್ಬಿಣದ ಕೀಲಿಲ್ಲದೆ, ಬರೀ ನೈಲಾನ್ ಪಟ್ಟಿಯಲ್ಲಿ ಜೋಡಿಸಿದ ಮಡಚೋ ಬಟ್ಟೆ ಪಾರ್ಟಿಷನ್ ನಿಲ್ಲಲ್ಲ, ಆರು ತಿಂಗಳಲ್ಲಿ ಜೋತುಬೀಳುತ್ತೆ ಅಂತ ನಮ್ಮ ಭಾವ ಎಲ್ಲರೆದುರೇ ನಕ್ಕಿದ್ದರು. ಅವರದ್ದು ಪ್ಲೈವುಡ್ ಅಂಗಡಿ, ಬಟ್ಟೆ ಅಂದ್ರೆ ಸಿಟ್ಟು ಬರೋದು ಸಹಜವೇ. ಈಗ ಹತ್ತು ತಿಂಗಳಾಯ್ತು. ನಿಂತಿದೆ. ಅದಕ್ಕೇ ಬರೀತಿದ್ದೇನೆ.

ಪಾರ್ಟಿಷನ್ ಮಾಡಿಕೊಡಿ ಅಂತ ನನ್ನನ್ನ ಕರೆಸಿದ್ದು ಬೆಂಗಳೂರಿನ ವಿಜಯನಗರದ ಒಂದು ಬಾಡಿಗೆ ಮನೆಯವರು. ಹಾಲ್ 10 ಅಡಿ ಅಗಲ, 16 ಅಡಿ ಉದ್ದ. ಅಜ್ಜಿ ಮಲಗೋದೂ ಅಲ್ಲೇ, ಮೊಮ್ಮಗ ರಾತ್ರಿ ಪಾಳಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರೋದೂ ಅಲ್ಲೇ. ಗೋಡೆಗೆ ಡ್ರಿಲ್ ಹಾಕಿದ್ರೆ ಅಡ್ವಾನ್ಸ್‌ನಲ್ಲಿ ಮುರ್ಕೊಳ್ತೀನಿ ಅಂತ ಓನರ್ ಮೊದಲೇ ಹೇಳಿಬಿಟ್ಟಿದ್ದರು. ಸೀಲಿಂಗ್ ನೋಡಿದರೆ ಜಿಪ್ಸಮ್ ಬೋರ್ಡು, ಭಾರ ತಡೆಯಲ್ಲ, ಮೇಲಿಂದ ಟ್ರ್ಯಾಕ್ ನೇತುಹಾಕೋ ಮಾತೇ ಇಲ್ಲ. ಒಂದು ಇಂಟೀರಿಯರ್ ಕಂಪನಿಯವರು 48 ಸಾವಿರ ಚಿಲ್ಲರೆ ಕೋಟ್ ಕೊಟ್ಟಿದ್ದರು, ಅದೂ ಮೇಲಿನ ಕಾಂಕ್ರೀಟ್ ಸ್ಲ್ಯಾಬ್‌ಗೆ ಆಂಕರ್ ಬೋಲ್ಟ್ ಹೊಡೆಯೋ ಲೆಕ್ಕದಲ್ಲಿ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋ ತಪ್ಪು. 18 ಎಂಎಂ ಪ್ಲೈ, ಮೂರು ರೆಕ್ಕೆ, ಪಿಯಾನೋ ಹಿಂಜ್ (ಉದ್ದಕ್ಕೂ ಬರೋ ಒಂದೇ ಕೀಲು), ಕೆಳಗೆ ಎರಡಿಂಚಿನ ಚಕ್ರ. 8 x 4 ಶೀಟೇ 33-34 ಕೆಜಿ ತೂಗುತ್ತೆ ಅಂತ ಗೊತ್ತಿದ್ದೂ ಮಾಡಿದೆ ನೋಡಿ. ಹದಿನೈದು ದಿನಕ್ಕೆ ನಡುವಿನ ರೆಕ್ಕೆ ವಾಲಿತು. ಅಜ್ಜಿ ತಳ್ಳೋಕೆ ಹೋಗಿ ಆಗದೆ, "ಏನಪ್ಪಾ, ಇದನ್ನ ಎಳೆಯೋಕೆ ಎತ್ತು ಎಲ್ಲಿಂದ ತರಲಿ?" ಅಂದರು. ಅಲ್ಲಿಗೆ ಎಂಟು ಸಾವಿರ ಹೋಯ್ತು.

ಎರಡನೇ ಸಲ ಹಗುರ ಮಾಡಿದೆ, ಆದರೆ ಚಕ್ರದ ಹುಚ್ಚು ಬಿಡಲಿಲ್ಲ. ನೀರು ಹೊರಗೆ ಹೋಗಲಿ ಅಂತ ಬಾಲ್ಕನಿ ಕಡೆ ನೆಲಕ್ಕೆ ಇಳಿಜಾರು ಕೊಟ್ಟಿದ್ದರು. ಕಣ್ಣಿಗೆ ಕಾಣಲ್ಲ, ರಸಮಟ್ಟ ಇಟ್ಟರೆ ಗುಳ್ಳೆ ಓಡುತ್ತೆ. ಬ್ರೇಕ್ ಹಾಕೋದು ಮರೆತ ರಾತ್ರಿ ಫ್ಯಾನ್ ಗಾಳಿಗೆ ಪಾರ್ಟಿಷನ್ ತಾನಾಗೇ ಹೊರಟು, ಹುಡುಗ ಆಫೀಸಿನ ಮೀಟಿಂಗ್‌ನಲ್ಲಿದ್ದಾಗ ಹಿಂದೆ ಅಜ್ಜಿ ಗೊರಕೆ ಹೊಡೆಯೋದು ಕ್ಯಾಮೆರಾದಲ್ಲಿ ಎಲ್ಲರಿಗೂ ಕಂಡಿತು. "ಅಣ್ಣಾ, ನಾಳೆ ಬಂದು ತಗೊಂಡ್ ಹೋಗಿ" ಅಂತ ಫೋನು. ಅದರಲ್ಲೂ ಐದು ಸಾವಿರ ಕೈಬಿಟ್ಟಿತು.

ಮಧ್ಯದಲ್ಲಿ ಇನ್ನೊಂದು ಹುಚ್ಚಾಟ. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ 2011ರ ಭೂಕಂಪದ ಸಂತ್ರಸ್ತರಿಗೆ ಕಾಗದದ ಕೊಳವೆ, ಬಟ್ಟೆ ಇಷ್ಟರಲ್ಲೇ ಪಾರ್ಟಿಷನ್ ಕಟ್ಟಿಕೊಟ್ಟಿದ್ದರು ಅಂತ ಆ ಮೊಮ್ಮಗನೇ ಫೋಟೋ ತೋರಿಸಿದ. ಚಿಕ್ಕಪೇಟೆಯಲ್ಲಿ ಬಟ್ಟೆ ಸುತ್ತಿ ಬರೋ ಕೊಳವೆ ಸುಮ್ನೆ ಬಿಸಾಕ್ತಾರಲ್ವಾ, ಒಂದು ಕಟ್ಟು ತಂದೆ. ನಮ್ಮ ಮನೆಯಲ್ಲೇ ನಿಲ್ಲಿಸಿದೆ, ಚೆನ್ನಾಗೇ ನಿಂತಿತ್ತು. ದಿನಾ ನೆಲ ಒರೆಸಿ ಒರೆಸಿ ಬುಡ ನೆನೆದು ಹಪ್ಪಳವಾಯ್ತು. ಬುಡಕ್ಕೆ ಪಿವಿಸಿ ಟೋಪಿ ಹಾಕಿದರೆ ನಡೆಯಬಹುದು. ಇನ್ನೊಮ್ಮೆ ನೋಡ್ತೀನಿ.

ಕೊನೆಗೆ ಮಾಡಿದ್ದು ಇದು. ಸಿಲ್ವರ್ ಓಕ್ ಮರದ 2 x 1 ಇಂಚಿನ ರೀಪರ್‌ನಲ್ಲಿ, ಅಂದ್ರೆ ತೆಳು ಮರದ ಪಟ್ಟಿಯಲ್ಲಿ, ನಾಲ್ಕು ಫ್ರೇಮ್, ಒಂದೊಂದೂ 2 ಅಡಿ ಅಗಲ, ಆರೂವರೆ ಅಡಿ ಎತ್ತರ. ಅದರ ಮೇಲೆ ಸೀಲಿಂಗ್‌ವರೆಗೆ ಮೂರಡಿ ಖಾಲಿ, ಒಂದೇ ಫ್ಯಾನ್ ಎರಡೂ ಕಡೆಗೆ ಸಾಕು. ಫ್ರೇಮ್‌ನ ಕೆಳಗರ್ಧ 6 ಎಂಎಂ ಪ್ಲೈ, ಮೇಲರ್ಧ ದಪ್ಪ ಕಾಟನ್. ಶಬ್ದ ಹೀರಲಿ ಅಂತ ನಡುವಿನ ಎರಡರಲ್ಲಿ ರಾಕ್‌ವೂಲ್, ಅಂದ್ರೆ ಕಲ್ಲು ಕರಗಿಸಿ ತೆಗೆದ ಉಣ್ಣೆಯಂಥ ನಾರು. ಅದನ್ನ ಮೊದಲು ತೆಳು ಬಟ್ಟೆಯಲ್ಲಿ ಸುತ್ತಿ, ಇಲ್ಲಾಂದ್ರೆ ಮೈ ತುರಿಸಿ ಸಾಯ್ತೀರಿ. ಶಬ್ದ ಪೂರ್ತಿ ನಿಲ್ಲಲ್ಲ, ಗಡಸು ಕಮ್ಮಿಯಾಗುತ್ತೆ ಅಷ್ಟೆ. ಶಬ್ದ ನಿಲ್ಲುತ್ತೆ ಅಂತ ಮೊಟ್ಟೆ ಟ್ರೇ ಅಂಟಿಸೋರಿಗೆ ಅದೂ ಅಷ್ಟಾಗಿ ಸಿಗಲ್ಲ. ಒಂದು ರೆಕ್ಕೆ ಹತ್ತು ಕೆಜಿ ಆಸುಪಾಸು.

ಇನ್ನು ಕೀಲು. ಸ್ಕೂಲ್ ಬ್ಯಾಗಿಗೆ ಹಾಕೋ ಒಂದೂವರೆ ಇಂಚಿನ ನೈಲಾನ್ ಪಟ್ಟಿ. ಒಂದು ಪಟ್ಟಿ ಈ ರೆಕ್ಕೆಯ ಮುಂದಿನಿಂದ ಸಂದಿಯಲ್ಲಿ ನುಸುಳಿ ಪಕ್ಕದ ರೆಕ್ಕೆಯ ಹಿಂದಕ್ಕೆ, ಅದರ ಕೆಳಗಿನ ಪಟ್ಟಿ ಹಿಂದಿನಿಂದ ಮುಂದಕ್ಕೆ. ಹೀಗೆ ಒಂದು ಬಿಟ್ಟು ಒಂದು. ಎರಡೂ ಕಡೆ ಮಡಚುತ್ತೆ, ಸಂದಿಯಲ್ಲಿ ಬೆಳಕೂ ತೂರಲ್ಲ. ಜಪಾನಿನವರ ಮಡಚೋ ತೆರೆಗಳಲ್ಲಿ ಇದೇ ಕೆಲಸಕ್ಕೆ ಕಾಗದದ ಕೀಲಿದೆ. ಪಟ್ಟಿ ಎಷ್ಟು ಬಿಗಿ ಇರಬೇಕು, ತುದಿ ಸಡಿಲವಾಗದ ಹಾಗೆ ಎಲ್ಲಿ ಹೇಗೆ ಹಿಡಿಸಿದೆ ಅನ್ನೋದು ಮಾತ್ರ ಹೇಳಲ್ಲ. ನನ್ನ ಅನ್ನ ಅದು.

ಚಕ್ರ ಪೂರ್ತಿ ಬಿಟ್ಟೆ. ತುದಿಯ ಎರಡಕ್ಕೆ ರಬ್ಬರ್ ಬುಷ್, ನಡುವಿನವಕ್ಕೆ ಕುರ್ಚಿ ಕಾಲಿನ ನೈಲಾನ್ ಬುಷ್. ತುದಿಯ ರೆಕ್ಕೆಯನ್ನು ಎರಡು ಬೆರಳಷ್ಟು ಎತ್ತಿ ಎಳೆದರೆ ಉಳಿದವು ಜಾರಿಕೊಂಡು ಹಿಂದೆ ಬರುತ್ತವೆ. ಅಂಕುಡೊಂಕಾಗಿ ನಿಲ್ಲಿಸಿದರೆ ಸುಮಾರು 7 ಅಡಿ ಮುಚ್ಚುತ್ತೆ, 3 ಅಡಿ ಓಡಾಡೋಕೆ. ಉದ್ದಕ್ಕೆ ನೆಟ್ಟಗೆ ಬಿಚ್ಚಿದರೆ ಮಾತ್ರ ಬೀಳುತ್ತೆ, ಅದಕ್ಕೆ ಪೂರ್ತಿ ನೇರ ಆಗದ ಹಾಗೆ ಮೇಲೊಂದು ಚಿಕ್ಕ ಪಟ್ಟಿ ಕಟ್ಟಿದ್ದೇನೆ.

ಸಾಮಾನಿಗೆ ಒಂಬತ್ತು ಹತ್ತು ಸಾವಿರ ಆಗಿರಬೇಕು, ನಾನೂ ಸಹಾಯಕ್ಕೆ ಒಬ್ಬ ಹುಡುಗನೂ ಮೂರು ದಿನ. 17 ಸಾವಿರ ತಗೊಂಡೆ. ಹಳೇ ನಷ್ಟ ಸೇರಿಸಿದರೆ, ಕೂಲಿ ಲೆಕ್ಕ ಬಿಟ್ಟೇ, ಆ ಮನೆಯಲ್ಲಿ ಐದಾರು ಸಾವಿರ ನನ್ನದೇ ಹೋಗಿದೆ. ಆಮೇಲೆ ಅದೇ ಬೀದಿಯಲ್ಲಿ ಮೂರು ಕೆಲಸ ಸಿಕ್ಕಿ ವಸೂಲಾಯ್ತು. ಮೂರನೆಯದಕ್ಕೆ 6 ಎಂಎಂ ಪ್ಲೈ ಭಾವನ ಅಂಗಡಿಯಿಂದಲೇ ತಂದೆ, ಒಂದು ಮಾತೂ ಆಡದೆ ಬಿಲ್ ಹಾಕಿದರು.

ಮೊನ್ನೆ ಹೋದಾಗ ಅಜ್ಜಿ ಅದರ ಮೇಲೆ ಒದ್ದೆ ಸೀರೆ ಒಣಹಾಕಿದ್ದರು. ಒಂದೇ ರೆಕ್ಕೆಗೆ ಹಾಕಬೇಡಿ, ಎರಡರ ಮೇಲೆ ಹರಡಿ ಅಂದೆ. "ನಾಲ್ಕರ ಮೇಲೂ ಹಾಕಿದ್ದೀನಿ ನೋಡು" ಅಂತ ಆಚೆ ಕಡೆ ತೋರಿಸಿದರು.