ಹೆಸರಿನ ಕೊನೆಯ ಅಕ್ಷರ ನೋಡಿ ಹಾಡು ಆರಿಸಿ: ಜಪಾನಿ ಕರೋಕೆಯಲ್ಲಿ ಶಿರಿತೊರಿ ಆಡುವ ಬಗೆ

ಜಪಾನಿನಲ್ಲಿ ಗೆಳೆಯರೋ ಸಹೋದ್ಯೋಗಿಗಳೋ ಕರೋಕೆ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಹಾಡಲು ಕುಳಿತಾಗ ಮೊದಲ ಎರಡು ಸುತ್ತು ಸರಾಗವಾಗಿ ಸಾಗುತ್ತವೆ; ಆಮೇಲೆ ಪ್ರತಿಯೊಬ್ಬರೂ ತಮ್ಮ ಖಾಯಂ ಹಾಡುಗಳನ್ನು ಮುಗಿಸಿ, ಮುಂದೇನು ಎಂದು ಪರದೆ ನೋಡುತ್ತ ಕೂರುತ್ತಾರೆ. ಆ ಹೊತ್ತಿಗೆ ಒದಗಿ ಬರುವ ಆಟವೇ ಹಾಡಿನ ಹೆಸರುಗಳ ಶಿರಿತೊರಿ. ಒಬ್ಬರು ಹಾಡಿದ ಹಾಡಿನ ಹೆಸರು ಯಾವ ಅಕ್ಷರದಲ್ಲಿ ಮುಗಿಯುತ್ತದೆಯೋ ಆ ಅಕ್ಷರದಿಂದ ಆರಂಭವಾಗುವ ಹೆಸರಿನ ಹಾಡನ್ನು ಮುಂದಿನವರು ಹಾಡಬೇಕು. ಅಂತ್ಯಾಕ್ಷರಿ ಆಡಿ ಬೆಳೆದ ನಮಗೆ ಇದು ತೀರಾ ಅಪರಿಚಿತವಲ್ಲ. ಆದರೆ ಅಂತ್ಯಾಕ್ಷರಿಯಲ್ಲಿ ಹಾಡಿನ ಸಾಲು ಎಲ್ಲಿ ನಿಂತಿತು ಎಂಬುದು ಲೆಕ್ಕಕ್ಕೆ ಬಂದರೆ, ಇಲ್ಲಿ ಹೆಸರಿಗೆ ಮಾತ್ರ ಲೆಕ್ಕ. ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೆಸರು ‘ನ್’ ಎಂಬ ಅನುನಾಸಿಕದಲ್ಲಿ ಮುಗಿದರೆ ಹಾಡಿದವರು ಸೋತಂತೆ, ಏಕೆಂದರೆ ಜಪಾನಿ ಭಾಷೆಯಲ್ಲಿ ಆ ಅಕ್ಷರದಿಂದ ಯಾವ ಪದವೂ ಆರಂಭವಾಗುವುದಿಲ್ಲ.

1971ರಲ್ಲಿ ಕೋಬೆ ನಗರದ ಇನೊಉಎ ದೈಸುಕೆ ಬಾಡಿಗೆಗೆ ಕೊಡತೊಡಗಿದ ಕರೋಕೆ ಯಂತ್ರಗಳು ಬಾರುಗಳಲ್ಲಿ ಇರುತ್ತಿದ್ದವು. ಅಲ್ಲಿ ಅಪರಿಚಿತರ ಎದುರು ಹಾಡಬೇಕಾಗಿತ್ತು, ಹೀಗೆ ಕೂತು ಆಡುವುದು ಸಾಧ್ಯವಿರಲಿಲ್ಲ. 1980ರ ದಶಕದ ಮಧ್ಯಭಾಗದಲ್ಲಿ ಒಕಯಾಮ ಪ್ರಾಂತ್ಯದಲ್ಲಿ ಹಳೆಯ ಸರಕು ಕಂಟೇನರ್‌ಗಳನ್ನೇ ಹಾಡುವ ಕೋಣೆಗಳನ್ನಾಗಿ ಮಾರ್ಪಡಿಸಿದ ಮೇಲೆ ‘ಕರೋಕೆ ಬಾಕ್ಸ್’ ಹರಡಿತು, ಗೆಳೆಯರಷ್ಟೇ ಇರುವ ಬಾಗಿಲು ಮುಚ್ಚಿದ ಜಾಗ ದೊರೆಯಿತು. ಕೆಲಸದ ಮೇಲೆ ಜಪಾನಿಗೆ ಹೋಗುವ ಕನ್ನಡಿಗರಿಗೂ, ಬೆಂಗಳೂರಿನಲ್ಲಿ ಜಪಾನಿ ಕಲಿಯುತ್ತಿರುವವರಿಗೂ ಇಂಥ ಕೋಣೆಗೆ ಕರೆ ಬಂದಾಗ ಕೈಯಲ್ಲಿ ಸಿದ್ಧವಾದ ಒಂದು ಪಟ್ಟಿ ಇರಬೇಕು. ಅದನ್ನು ಮಾಡಿಕೊಳ್ಳುವ ಕ್ರಮ ಇಲ್ಲಿದೆ.

ಮೊದಲ ಹಂತ: ಹಾಡಲು ಬರುವುದನ್ನಷ್ಟೇ ಪಟ್ಟಿಗೆ ಸೇರಿಸಿ

ಶಿರಿತೊರಿಯಲ್ಲಿ ಹೆಸರು ಹೇಳಿದರೆ ಸಾಲದು, ಹಾಡಬೇಕು. ಹೀಗಾಗಿ ಅಕ್ಷರಕ್ಕಿಂತ ಮೊದಲು ಗಂಟಲನ್ನು ವಿಚಾರಿಸಿಕೊಳ್ಳಿ. ಇತ್ತೀಚಿನ ಜನಪ್ರಿಯ ಹಾಡುಗಳಲ್ಲಿ ಅನೇಕವು ಬಹಳ ಎತ್ತರದ ಸ್ವರದಲ್ಲಿದ್ದು, ಒಂದೇ ಉಸಿರಿನಲ್ಲಿ ಹತ್ತಾರು ಪದಗಳನ್ನು ತುರುಕಿರುತ್ತವೆ. 2019ರ ಕೊನೆಯಲ್ಲಿ ಬಂದ ಯೊಆಸೊಬಿ ತಂಡದ ‘ಯೊರು ನಿ ಕಕೆರು’ ಕೇಳಲು ಎಷ್ಟು ಸೊಗಸೋ, ಭಾಷೆ ಕಲಿಯುತ್ತಿರುವವರಿಗೆ ಹಾಡಲು ಅಷ್ಟೇ ಕಷ್ಟ. ಹೊಸಬರು 1970 ಮತ್ತು 80ರ ದಶಕದ ಹಾಡುಗಳಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಸ್ವರ ಹೊಂದಿಕೊಂಡಿರುತ್ತದೆ, ಹಿರಿಯ ಸಹೋದ್ಯೋಗಿಗಳೂ ದನಿಗೂಡಿಸುತ್ತಾರೆ. ಇನ್ನೂ ಸುಲಭವಾದುದು ಬೇಕಿದ್ದರೆ 1914ರ ಶಾಲಾ ಗೀತೆ ‘ಫುರುಸಾತೊ’ ಇದೆ. ಮೂರೇ ಚರಣ, ನಿಧಾನ ಗತಿ, ಜಪಾನಿನಲ್ಲಿ ಅದನ್ನು ತಿಳಿಯದವರು ಸಿಗುವುದು ಕಷ್ಟ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಹ್ರಸ್ವ ದೀರ್ಘಗಳ ವ್ಯತ್ಯಾಸ, ಒತ್ತಕ್ಷರದ ಬಿಗಿ, ಎ ಮತ್ತು ಒ ಎಂಬ ಹ್ರಸ್ವಸ್ವರಗಳು ನಮ್ಮ ಕಿವಿಗೆ ಮೊದಲೇ ಗೊತ್ತು. ನಮಗೆ ಹೊಸದೆಂದರೆ ಅನುನಾಸಿಕಕ್ಕೂ ಪ್ರತ್ಯೇಕ ಮಾತ್ರೆ ಇರುವುದು. ‘ಹಂಕಚೀಫು’ ಎಂಬ ಪದವನ್ನು ನಾವು ನಾಲ್ಕು ಅಕ್ಷರವಾಗಿ ಓದುತ್ತೇವೆ. ಹಾಡುವಾಗ ಅದು ಹ, ನ್, ಕ, ಚಿ, ಚಿಯ ದೀರ್ಘ, ಫು ಎಂದು ಆರು ಮಾತ್ರೆ. ಈ ಲೆಕ್ಕ ತಪ್ಪಿದರೆ ಪರದೆಯ ಮೇಲೆ ಬಣ್ಣ ತುಂಬುತ್ತ ಓಡುವ ಸಾಹಿತ್ಯಕ್ಕೂ ನಿಮ್ಮ ದನಿಗೂ ತಾಳೆಯಾಗುವುದಿಲ್ಲ. ಪರದೆಯಲ್ಲಿ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳ ಮೇಲೆ ಚಿಕ್ಕದಾಗಿ ಉಚ್ಚಾರ ಬರೆದಿರುತ್ತಾರೆ, ಆದ್ದರಿಂದ ಹಿರಗಾನ ಮತ್ತು ಕತಕಾನ ಎಂಬ ಉಚ್ಚಾರ ಸೂಚಿಸುವ ಲಿಪಿಗಳನ್ನು ತಡವರಿಸದೆ ಓದಲು ಬಂದರೆ ಸಾಕು. ಶ್ರುತಿ ಹೊಂದದಿದ್ದರೆ ರಿಮೋಟಿನಲ್ಲಿ ಏರಿಸಿ ಇಳಿಸುವ ಗುಂಡಿಯಿದೆ. ಮನೆಯಲ್ಲೇ ಅಭ್ಯಾಸ ಮಾಡಿ, ಯಾವ ಹಾಡಿಗೆ ಎಷ್ಟು ಇಳಿಸಬೇಕೆಂದು ಹೆಸರಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಎರಡನೆಯ ಹಂತ: ನಿಯಮಗಳನ್ನು ಮೊದಲೇ ಮಾತಾಡಿಕೊಳ್ಳಿ

ಆಟ ಜಗಳಕ್ಕೆ ತಿರುಗುವುದು ಬಹುತೇಕ ಹೆಸರಿನ ಕೊನೆಯಲ್ಲಿ ದೀರ್ಘವಿದ್ದಾಗ. ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ, 1963ರಲ್ಲಿ ‘ಸುಕಿಯಾಕಿ’ ಎಂಬ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ‘ಉಎ ಒ ಮುಯಿತೆ ಅರುಕೋ’ ಹಾಡನ್ನೇ ನೋಡಿ. ಕಿವಿಗೆ ‘ಕೋ’ ಕೇಳಿದರೂ ಬರವಣಿಗೆಯಲ್ಲಿ ಅದು ‘ಕೊ’ ಮತ್ತು ‘ಉ’. ಆದ್ದರಿಂದ ಮುಂದಿನವರಿಗೆ ಸಿಗುವುದು ‘ಉ’. ಕತಕಾನ ಲಿಪಿಯಲ್ಲಿ ಅಡ್ಡಗೆರೆಯಿಂದ ದೀರ್ಘ ತೋರಿಸಿದ್ದರೆ ಆ ಗೆರೆಯನ್ನು ಬಿಟ್ಟು ಅದರ ಹಿಂದಿನ ಅಕ್ಷರ ಹಿಡಿಯುವ ಕ್ರಮವೂ ಇದೆ, ಉಳಿದ ಸ್ವರವನ್ನು ಹಿಡಿಯುವ ಕ್ರಮವೂ ಇದೆ. ‘ಅಕಾಯಿ ಸುಯೀತೊಪೀ’ ಹಾಡಿದ ಮೇಲೆ ಮುಂದಿನ ಅಕ್ಷರ ‘ಪಿ’ಯೋ ‘ಇ’ಯೋ ಎಂಬುದು ಆಟಕ್ಕೆ ಮೊದಲೇ ತೀರ್ಮಾನವಾಗಿರಬೇಕು. ‘ಮರೀಗೋರುದೊ’ ಎಂಬ ಹೆಸರಿನ ‘ದೊ’ ಅಕ್ಷರಕ್ಕೆ ‘ತೊ’ದಿಂದ ಉತ್ತರಿಸಬಹುದೇ ಎಂಬ ಪ್ರಶ್ನೆಯೂ ಅಂಥದ್ದೇ, ಹೊಸಬರಿದ್ದರೆ ಅವಕಾಶ ಕೊಡುವುದು ಸೌಜನ್ಯ. ರೋಮನ್ ಲಿಪಿಯ ಹೆಸರುಗಳನ್ನು ಜಪಾನಿ ಉಚ್ಚಾರದಂತೆಯೇ ಓದಬೇಕು.

ಒಂದೇ ಹೆಸರಿನ ಹಾಡುಗಳ ಬಗ್ಗೆಯೂ ಮಾತಾಗಲಿ. ಮೊರಿಯಾಮ ನಾವೊತಾರೋ 2003ರಲ್ಲಿ, ಕೆತ್ಸುಮೇಶಿ ತಂಡ 2005ರಲ್ಲಿ, ಅದೇ ವರ್ಷ ಕೊಬುಕುರೊ ಜೋಡಿ, ಹೀಗೆ ಮೂವರೂ ‘ಸಕುರ’ ಎಂಬ ಹೆಸರಿನ ಹಾಡನ್ನೇ ಕೊಟ್ಟಿದ್ದಾರೆ. ಒಮ್ಮೆ ಬಂದ ಹೆಸರು ಮತ್ತೆ ಬರಬಾರದು ಎಂದರೆ ಮೂರರಲ್ಲಿ ಒಂದಕ್ಕೆ ಮಾತ್ರ ಜಾಗ. ಇನ್ನೊಂದು ಮಾತು: ಹಾಡಿನ ಹೆಸರು ಹೇಳುವ ಮುನ್ನ ರಿಮೋಟ್ ಮುಟ್ಟಬಾರದು. ಅದರಲ್ಲಿ ಅಕ್ಷರ ಒತ್ತಿದೊಡನೆ ಆ ಅಕ್ಷರದ ಹಾಡುಗಳೆಲ್ಲ ಸಾಲುಗಟ್ಟಿ ಬರುತ್ತವೆ, ನೆನಪಿಗೆ ಕೆಲಸವೇ ಉಳಿಯುವುದಿಲ್ಲ.

ಮೂರನೆಯ ಹಂತ: ‘ರ’ ಸಾಲಿಗೆ ಸಿದ್ಧರಾಗಿ

ಅಚ್ಚ ಜಪಾನಿ ಪದಗಳು ರ, ರಿ, ರು, ರೆ, ರೊ ಅಕ್ಷರಗಳಿಂದ ಆರಂಭವಾಗುವುದು ಇಲ್ಲವೆನ್ನುವಷ್ಟು ವಿರಳ. ಈ ಸಾಲಿನಲ್ಲಿ ಸಿಗುವುದು ಬಹುತೇಕ ಚೀನೀ ಮೂಲದ ಅಥವಾ ಇಂಗ್ಲಿಷಿನಿಂದ ಬಂದ ಪದಗಳು. ಹೀಗಾಗಿ ಎದುರಾಳಿಯನ್ನು ಕಟ್ಟಿಹಾಕುವುದೂ, ನೀವು ಸಿಕ್ಕಿಬೀಳುವುದೂ ಇಲ್ಲಿಯೇ. ಅದರಲ್ಲೂ ‘ರು’ ಅತ್ಯಂತ ಕಠಿಣ. ಈ ಅಕ್ಷರಕ್ಕೆ ತಟ್ಟನೆ ನೆನಪಾಗುವ ‘ರೂಜು ನೊ ದೆನ್‌ಗೊನ್’ 1975ರ ಸುಂದರವಾದ ಹಾಡು, ಆದರೆ ಹೆಸರು ‘ನ್’ನಲ್ಲಿ ಮುಗಿಯುವುದರಿಂದ ಅದನ್ನು ಹಾಡಿದವರು ಅಲ್ಲಿಗೇ ಹೊರಗೆ. ಬದಲಿಗೆ ತೆರಾವೊ ಅಕಿರ 1981ರಲ್ಲಿ ಹಾಡಿದ ‘ರುಬೀ ನೊ ಯುಬಿವ’ ಕಲಿತಿಡಿ. ತಗ್ಗಿದ ದನಿಯಲ್ಲಿ, ಮಾತಾಡಿದಂತೆಯೇ ಸಾಗುವ ಆ ಹಾಡು ಎತ್ತರದ ಸ್ವರ ಮುಟ್ಟದ ಗಂಡಸರಿಗೆ ದೊಡ್ಡ ಆಸರೆ. ಅದನ್ನು ಬೇರೆಯವರು ಮೊದಲೇ ಹಾಡಿಬಿಟ್ಟರೆ ಮತ್ಸುದ ಸೇಯ್ಕೊ ಅವರ ‘ರುರಿಇರೊ ನೊ ಚಿಕ್ಯೂ’ ಇದೆ.

‘ರ’ ಅಕ್ಷರಕ್ಕೆ 1991ರ ‘ರಬು ಸುತೋರೀ ವ ತೊತ್ಸುಜೆನ್ ನಿ’, ‘ರಿ’ಗೆ 1987ರ ‘ರಿಂದ ರಿಂದ’, ‘ರೊ’ಗೆ 1993ರ ‘ರೊಮಂಸು ನೊ ಕಮಿಸಮ’ ಇಟ್ಟುಕೊಳ್ಳಬಹುದು. ಕೊನೆಯದು ಬಹಳ ಎತ್ತರದ್ದು, ಶ್ರುತಿ ಇಳಿಸದೆ ಕೈ ಹಾಕಬೇಡಿ. ‘ರೆ’ ಅಕ್ಷರಕ್ಕೆ ತೊಕುನಾಗ ಹಿದೆಯಾಕಿ ಅವರ 1986ರ ಮೊದಲ ಹಾಡು ‘ರೇಯಿನೀ ಬುರೂ’ ಇದೆ, ಮತ್ತು ಅದಕ್ಕೊಂದು ವಿಶೇಷವಿದೆ: ದೀರ್ಘದ ಗೆರೆ ಬಿಡುವ ನಿಯಮವಿದ್ದರೆ ಅದು ‘ರು’ವಿನಲ್ಲೇ ಮುಗಿದು, ಕಷ್ಟವನ್ನು ಮುಂದಿನವರ ಪಾಲಿಗೆ ಒಪ್ಪಿಸುತ್ತದೆ. ‘ಯೊರು ನಿ ಕಕೆರು’ ಹಾಗೂ 1977ರ ‘ಕಿತಗುನಿ ನೊ ಹರು’ ಕೂಡ ಇದೇ ಕೆಲಸ ಮಾಡುತ್ತವೆ.

ಪಟ್ಟಿಯ ಇನ್ನೊಂದು ಬದಿಯಲ್ಲಿ ‘ನ್’ನಲ್ಲಿ ಮುಗಿಯುವ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಸ್ಪಿಟ್ಸ್ ತಂಡದ ‘ರೊಬಿನ್‌ಸೊನ್’, ಮೋನಿಂಗು ಮುಸುಮೆಯವರ ‘ರಬು ಮಶೀನ್’, ಯೊನೆಜು ಕೆನ್ಶಿಯವರ ‘ರೆಮೊನ್’ ಮೂರೂ ಎಲ್ಲರ ಬಾಯಲ್ಲಿರುವ ಹಾಡುಗಳು, ಮೂರೂ ಆಕರ್ಷಕ ‘ರ’ ಸಾಲಿನಿಂದಲೇ ಆರಂಭವಾಗುವಂಥವು.

ನಾಲ್ಕನೆಯ ಹಂತ: ಸರಪಳಿ ಕಟ್ಟಿ ನೋಡಿ

ಮನೆಯಲ್ಲಿ ಒಬ್ಬರೇ ಕೂತು ಒಂದು ಸರಪಳಿ ಹೆಣೆದರೆ ಪಟ್ಟಿಯ ಕೊರತೆ ತಾನಾಗಿ ಗೊತ್ತಾಗುತ್ತದೆ. ‘ಉಎ ಒ ಮುಯಿತೆ ಅರುಕೋ’ ಎಂದು ಆರಂಭಿಸಿ. ‘ಉ’ಗೆ ಬೀಜು ಜೋಡಿಯ ‘ಉರುತೊರ ಸೊಉರು’. ‘ರು’ ಬಂತು, ‘ರುಬೀ ನೊ ಯುಬಿವ’. ‘ವ’ಗೆ ಮೊರಿತಾಕ ಚಿಸಾತೊ ಅವರ ‘ವತಾಶಿ ಗ ಒಬಸನ್ ನಿ ನತ್ತೆಮೊ’. ‘ಮೊ’ಗೆ ‘ಮೊಮೆನ್ ನೊ ಹಂಕಚೀಫು’, ‘ಫು’ಗೆ ‘ಫುರುಸಾತೊ’, ‘ತೊ’ಗೆ ತೆರೆಸಾ ತೆಂಗ್ ಅವರ ‘ತೊಕಿ ನೊ ನಗರೆ ನಿ ಮಿ ಒ ಮಕಾಸೆ’, ‘ಸೆ’ಗೆ ‘ಸೆಕಾಯಿ ನಿ ಹಿತೊತ್ಸು ದಕೆ ನೊ ಹನ’, ‘ನ’ಗೆ ‘ನಗೊರಿ ಯುಕಿ’, ‘ಕಿ’ಗೆ ‘ಕಿತಗುನಿ ನೊ ಹರು’. ಮತ್ತೆ ‘ರು’, ಈಗ ‘ರುರಿಇರೊ ನೊ ಚಿಕ್ಯೂ’ ಇಲ್ಲದಿದ್ದರೆ ನಿಮ್ಮ ಆಟ ಇಲ್ಲಿಗೆ ನಿಂತಿತು. ಕೆಲಸಕ್ಕೆಂದು ಪಟ್ಟಣ ಸೇರಿದ ಹುಡುಗನೂ ಊರಲ್ಲಿ ಉಳಿದ ಹುಡುಗಿಯೂ ಮಾತಾಡಿಕೊಳ್ಳುವ ‘ಮೊಮೆನ್ ನೊ ಹಂಕಚೀಫು’ ಹಾಡಿಗೆ ನಾಲ್ಕು ಚರಣಗಳಿವೆ. ಅದನ್ನು ಇಬ್ಬರು ಹಂಚಿಕೊಂಡು ಹಾಡಿದರೆ ಕತೆ ಚೆನ್ನಾಗಿ ಒದಗುತ್ತದೆ, ಪೂರ್ತಿ ಹಾಡಲು ಸಮಯವಿದ್ದರೆ ಮಾತ್ರ.

ಕೋಣೆಯಲ್ಲಿ

ಹಾಡೊಂದಕ್ಕೆ ಐದು ನಿಮಿಷ ಹಿಡಿದರೆ ಎರಡು ಗಂಟೆಯಲ್ಲಿ 24 ಹಾಡು. ಆರು ಜನರಿದ್ದರೆ ತಲೆಗೆ ನಾಲ್ಕೇ. ಸರಪಳಿ ಉದ್ದವಾಗಬೇಕಾದರೆ ಮೊದಲ ಚರಣ ಮತ್ತು ಪಲ್ಲವಿ ಮುಗಿದೊಡನೆ ನಿಲ್ಲಿಸುವ ಗುಂಡಿ ಒತ್ತುವುದೆಂದು ಒಪ್ಪಿಕೊಳ್ಳಿ. ಆದರೆ ಹಿರಿಯರೊಬ್ಬರು ಎಂಕ ಎಂಬ ಭಾವಪ್ರಧಾನ ಜಪಾನಿ ಶೈಲಿಯ ಹಾಡನ್ನು ಮನಸ್ಸಿಟ್ಟು ಹಾಡುತ್ತಿರುವಾಗ ನಡುವೆ ನಿಲ್ಲಿಸಬೇಡಿ. ಆ ಹಾಡುಗಳ ಭಾವ ತೆರೆದುಕೊಳ್ಳುವುದೇ ಎರಡನೆಯ ಚರಣದ ನಂತರ. ಸಮಯ ಮುಗಿಯಲು ಹತ್ತು ನಿಮಿಷವಿರುವಾಗ ಕೌಂಟರಿನಿಂದ ಕೋಣೆಯ ಫೋನಿಗೆ ಕರೆ ಬರುವುದು ವಾಡಿಕೆ. ಆಗ ಸರದಿ ಯಾರದೇ ಇರಲಿ, ಸೋಲು ಗೆಲುವು ಬದಿಗಿಟ್ಟು ‘ರೆಮೊನ್’ ಹಾಕಿಸಿ ಎಲ್ಲರೂ ಪೂರ್ತಿ ಹಾಡಬಹುದು. ಆ ಹೆಸರಿನ ಮುಂದೆ ಸರಪಳಿ ಹೇಗೂ ಸಾಗುವುದಿಲ್ಲ.