ಸೈಕಲ್ಲಿಗೆ ಹಳೆಯ ಸಸ್ಪೆನ್ಷನ್ ಫೋರ್ಕ್ ಕೊಳ್ಳುವ ಮುನ್ನ

ಸಸ್ಪೆನ್ಷನ್ ಫೋರ್ಕ್ ಅಂದರೆ ಮುಂಚಕ್ರ ಹಿಡಿದು ಕುಲುಕಾಟ ತಗ್ಗಿಸುವ ಭಾಗ. ಬೆಲೆಗಿಂತ ಮೊದಲು ಅದರ ಸ್ಟೀರರ್ ಟ್ಯೂಬಿನ (ಮೇಲೆ ಫ್ರೇಮಿನೊಳಗೆ ಹೋಗುವ ಕೊಳವೆ) ಉದ್ದ ಕೇಳಿ. ಉದ್ದವಿದ್ದರೆ ಕತ್ತರಿಸಬಹುದು, ನಿಮ್ಮ ಫ್ರೇಮಿಗೆ ಗಿಡ್ಡವಾದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಚಕ್ರದ ಅಳತೆ, ಆಕ್ಸಲ್ (ಚಕ್ರದ ಅಚ್ಚು) ಎರಡೂ ಹೊಂದಬೇಕು: 100 ಮಿ.ಮೀ. ಹಬ್ (ಚಕ್ರದ ನಡುಭಾಗ) 110 ಮಿ.ಮೀ. ಬೂಸ್ಟ್ (ಹೆಚ್ಚು ಅಗಲದ ಹಬ್ಬಿನ ಅಳತೆ) ಫೋರ್ಕಿಗೆ ನೇರವಾಗಿ ಕೂರುವುದಿಲ್ಲ.

ಆಮೇಲೆ ಸ್ಟ್ಯಾಂಕ್ಷನ್ (ಫೋರ್ಕಿನ ಕೆಳಗಾಲಿನೊಳಗೆ ಜಾರುವ ನುಣುಪಾದ ಕೊಳವೆ) ಒರೆಸಿ, ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಹಿಂಬದಿಯನ್ನೂ ಬಿಡಬೇಡಿ, ಕೋಟಿಂಗ್ ಹೆಚ್ಚಾಗಿ ಸವೆಯುವುದು ಅಲ್ಲೇ. ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಕೊಳ್ಳಬೇಡಿ: ಆ ಗೀರು ಸೀಲನ್ನು ಹರಿಯುತ್ತದೆ, ಎಣ್ಣೆ ಸೋರುತ್ತದೆ, ಮಣ್ಣು ಒಳಸೇರಿ ಬುಶಿಂಗ್ (ಕೊಳವೆ ಜಾರಲು ಒಳಗಿರುವ ಬಳೆ) ತಿನ್ನುತ್ತದೆ.

ಸೈಕಲ್ಲಿಗೆ ಹಾಕಿಯೇ ಇದ್ದರೆ ಮುಂದಿನ ಬ್ರೇಕ್ ಹಿಡಿದು ಹಿಂದೆಮುಂದೆ ಅಲುಗಿಸಿ. ಬೆರಳನ್ನು ಸೀಲಿನ ಬಳಿ ಇಡಿ. ಸಡಿಲ ಅಲುಗಾಟ ಅಲ್ಲಿ ಸಿಕ್ಕರೆ ಬುಶಿಂಗ್ ಸವೆದಿದೆ, ಮೇಲೆ ಸಿಕ್ಕರೆ ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗ್) ಬಿಗಿ ಮಾಡಿದರೆ ಸಾಕಾಗಬಹುದು.

ಮಾರುವವರು ಸ್ಟೀರರ್ ಪಕ್ಕ ಟೇಪ್ ಹಿಡಿದ ಫೋಟೊ, ಕೊನೆಯ ಸರ್ವಿಸ್ ಬಿಲ್ ಹಾಕಿ.