ಹೈಡೆಲ್‌ಬರ್ಗ್‌ನಲ್ಲಿ ನೇರವಾಗಿ ಗೆಮಾರಾಕ್ಕೇ ಕೈಹಾಕಿದ್ದು: ನನ್ನ ಅನುಭವ

“ಮೊದಲು ಎರಡು ವರ್ಷ ಹೀಬ್ರೂ ಕಲಿ, ಆಮೇಲೆ ಮಿಶ್ನಾ, ತಾಲ್ಮುಡ್ ಮಾತು ಮೂರನೇ ವರ್ಷಕ್ಕೆ” ಎಂದು ಸೀನಿಯರ್‌ಗಳೆಲ್ಲ ಹೇಳಿದ್ದರು. ತಾಲ್ಮುಡ್ ಯಹೂದಿಗಳ ಧರ್ಮಶಾಸ್ತ್ರ ಗ್ರಂಥ, ಅದರಲ್ಲಿ ಮಿಶ್ನಾ ಮೂಲ ವಚನ, ಗೆಮಾರಾ ಅದರ ಮೇಲಿನ ವಾದ. ನಾನು ಮೊದಲ ಸೆಮಿಸ್ಟರ್‌ನಲ್ಲೇ ಅದರ ಬಾವಾ ಮೆತ್ಸಿಯಾ ಸಂಪುಟದ ಎರಡನೇ ಅಧ್ಯಾಯ ಹಿಡಿದೆ. ಒಂದೂವರೆ ವರ್ಷದ ಹೊತ್ತಿಗೆ ಸ್ವರಚಿಹ್ನೆಯಿಲ್ಲದ ವಿಲ್ನಾ ಮುದ್ರಣದ ಪುಟವನ್ನು ಸೆಮಿನಾರ್‌ನಲ್ಲಿ ಗಟ್ಟಿಯಾಗಿ ಓದಿ, ಆಕ್ಷೇಪ ಎಲ್ಲಿ ಮುಗಿಯಿತು, ಸಮಾಧಾನ ಎಲ್ಲಿ ಶುರುವಾಯಿತು ಎಂದು ಬಿಡಿಸಿ ಹೇಳಿದೆ. ಬೇಡ ಅಂದಿದ್ದವರೇ ಆಮೇಲೆ ನನ್ನ ಪೆನ್ಸಿಲ್ ಗುರುತಿನ ಜೆರಾಕ್ಸ್ ಕೇಳಿ ಒಯ್ದರು.

ಇಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಯಹೂದಿ ಅಧ್ಯಯನ ಹೋಖ್‌ಶೂಲೆ (ಉನ್ನತ ವಿದ್ಯಾಲಯ) 1979ರಲ್ಲಿ ಶುರುವಾದದ್ದು, ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತದೆ. ಆದರೂ “ನೀನು ಯಹೂದಿಯಲ್ಲ, ಇದನ್ನು ಓದಬಹುದಾ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಾಲ್ಮುಡ್‌ನ ಸನ್‌ಹೆದ್ರಿನ್ ಸಂಪುಟದ 59ನೇ ಪುಟ ಓದಿಕೊಂಡೇ ಹೊರಡಿ. ಯಹೂದಿಯಲ್ಲದವನು ತೋರಾ (ಯಹೂದಿ ಧರ್ಮಗ್ರಂಥ) ಓದಿದರೆ ಮರಣಾರ್ಹ ಎಂದು ರಬ್ಬಿ ಯೋಹಾನಾನ್, ಅವನು ಮಹಾಯಾಜಕನಿಗೆ ಸಮ ಎಂದು ರಬ್ಬಿ ಮೇಯಿರ್. ಎರಡೂ ಒಂದೇ ಪುಟದಲ್ಲಿವೆ.

ದುಡ್ಡಿನ ವಿಷಯ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಬ್ಲಾಕ್ಡ್ ಅಕೌಂಟ್‌ಗೆ ಆಗ 11 ಸಾವಿರ ಯೂರೋ ಚಿಲ್ಲರೆ ಇಡಬೇಕಿತ್ತು, ಅಪ್ಪ ಸೈಟಿನ ಮೇಲೆ ಸಾಲ ತೆಗೆದರು. ತಿಂಗಳಿಗೆ ಕೈಗೆ ಬರುತ್ತಿದ್ದುದು 930ರ ಆಸುಪಾಸು, ಅದರಲ್ಲಿ ಬಾಡಿಗೆಗೇ ಸುಮಾರು 400. ಇಷ್ಟರ ನಡುವೆ ಒಂದು ಆನ್‌ಲೈನ್ ಹೀಬ್ರೂ ಕೋರ್ಸ್‌ಗೆ 300 ಯೂರೋ ಸುರಿದೆ. ಹೋಟೆಲಲ್ಲಿ ಕಾಫಿ ಕೇಳಲು ಬಂತು, ತಾಲ್ಮುಡ್‌ನ ಪಂಡಿತ ಅಬಾಯೆ ಏನಂದ ಎಂಬುದು ಒಂದಕ್ಷರ ತಿಳಿಯಲಿಲ್ಲ. ಗೆಮಾರಾದ ವಾದವೆಲ್ಲ ನಡೆಯುವುದು ಅರಾಮಾಯಿಕ್‌ನಲ್ಲಿ, ಆಧುನಿಕ ಹೀಬ್ರೂ ಅಲ್ಲಿ ಅರ್ಧ ದಾರಿಗೂ ಬರುವುದಿಲ್ಲ. ಫ್ಲ್ಯಾಶ್‌ಕಾರ್ಡ್ ಮಾಡಿದೆ, ಸಾವಿರದ ಹತ್ತಿರ ಹೋಗಿ ನಿಂತಿತು. ದಿನಕ್ಕೊಂದು ಎಲೆಯ ದಫ್ ಯೋಮಿ ಹಿಡಿದೆ. ಇಡೀ ತಾಲ್ಮುಡ್ 2,711 ಎಲೆ, ಏಳೂವರೆ ವರ್ಷದ ಸುತ್ತು. ಎರಡು ತಿಂಗಳಲ್ಲಿ ಕಿವಿಗೆ ಶಬ್ದ ಬಿದ್ದದ್ದು ಬಿಟ್ಟರೆ ಏನೂ ಉಳಿಯಲಿಲ್ಲ. ಇಂಗ್ಲಿಷ್ ಅನುವಾದ ಪಕ್ಕಕ್ಕಿಟ್ಟು ಓದುವುದು ಇನ್ನೂ ಕೆಟ್ಟದ್ದು. ಅನುವಾದಕ ಜಗಳವನ್ನೆಲ್ಲ ಬಗೆಹರಿಸಿ ಕೊಟ್ಟಿರುತ್ತಾನೆ, ನಮಗೆ ಕೆಲಸವೇ ಇರುವುದಿಲ್ಲ.

ಕೊನೆಗೆ ಫಲ ಕೊಟ್ಟದ್ದು ಇದು. ಹವ್ರೂತಾ (ಜೋಡಿಯಾಗಿ ಕೂತು ಓದುವ ಸಂಗಾತಿ) ಆಗಿ ಪ್ರೊಟೆಸ್ಟಂಟ್ ದೇವತಾಶಾಸ್ತ್ರ ಓದುವ ಹುಡುಗಿಯೊಬ್ಬಳನ್ನು ಹಿಡಿದೆ. ಅವಳು ಹೆಬ್ರಾಯಿಕುಮ್ (ಹೀಬ್ರೂ ಪರೀಕ್ಷೆ) ಪಾಸು, ವ್ಯಾಕರಣ ಅವಳ ಕೈಲಿ. ನಾನು ಮೈಸೂರಲ್ಲಿ ತರ್ಕಶಾಸ್ತ್ರದ ಪಾಠಕ್ಕೆ ಕೂತವನು, ಪೂರ್ವಪಕ್ಷ ಮೂಸಿ ನೋಡುವುದು ನನ್ನ ಕೆಲಸ. ಪದಪಟ್ಟಿ ಪೂರ್ತಿ ಬಿಟ್ಟು, ವಾದದ ದಿಕ್ಕು ತೋರಿಸುವ ಮಾತುಗಳನ್ನಷ್ಟೇ ಬಾಯಿಪಾಠ ಮಾಡಿದೆವು. ‘ತಾ ಶ್ಮಾ’ ಬಂದರೆ ಪುರಾವೆ, ‘ಮೇತಿವೇ’ ಬಂದರೆ ಹಳೆಯ ವಚನ ಹಿಡಿದು ಎತ್ತಿದ ಆಕ್ಷೇಪ, ‘ಲಾ ಕಶ್ಯಾ’ ಬಂದರೆ ಪರಿಹಾರ. ಇಂಥವು ಒಂದು ನಲವತ್ತು ಸಾಕು. ಅರ್ಥಕ್ಕೆ ಹೋಗದೆ ಗಟ್ಟಿಯಾಗಿ ಮೂರು ಸಲ ಓದಿ, ಪೆನ್ಸಿಲಲ್ಲಿ ಈ ಕಂಬಗಳನ್ನಷ್ಟೇ ಗುರುತು ಹಾಕಿ, ಆಮೇಲೆ ಜಾಸ್ಟ್ರೋ ನಿಘಂಟು ತೆಗೆಯುತ್ತಿದ್ದೆವು. ಪುಟದ ಅಂಚಿನಲ್ಲಿರುವ ರಾಷಿಯ (11ನೇ ಶತಮಾನದ ಭಾಷ್ಯಕಾರ) ಅಂಕಣವನ್ನು ಕಾಗದದಿಂದ ಮುಚ್ಚಿಡುತ್ತಿದ್ದೆವು. ಇಬ್ಬರೂ ನಮ್ಮ ನಮ್ಮ ಅರ್ಥ ಹೇಳಿ ಕಿತ್ತಾಡಿದ ಮೇಲೆಯೇ ಅದನ್ನು ತೆಗೆಯುವುದು.

21ನೇ ಎಲೆಯಲ್ಲೇ ಇದು ನಡೆಯಿತು. ಒಡೆಯ ಆಸೆ ಬಿಟ್ಟರೆ ವಸ್ತು ಸಿಕ್ಕವನದು. ಕಳೆದುಹೋದದ್ದು ಒಡೆಯನಿಗೆ ಇನ್ನೂ ಗೊತ್ತಿಲ್ಲ, ಆದರೂ ಅವನು ಆಸೆ ಬಿಟ್ಟ ಹಾಗೆಯೇ? ಅಬಾಯೆ ಇಲ್ಲ ಎನ್ನುತ್ತಾನೆ, ಅವನ ಪ್ರತಿವಾದಿ ರಾವಾ ಹೌದು ಎನ್ನುತ್ತಾನೆ. ಚೆಲ್ಲಿದ ನಾಣ್ಯ ಸಿಕ್ಕವನಿಗೆ ಸೇರುತ್ತದೆ ಎಂಬ ಮಿಶ್ನಾ ಅಬಾಯೆಗೆ ಎದುರು ನಿಂತಾಗ ರಬ್ಬಿ ಇತ್ಸ್‌ಹಾಕ್‌ನ ಮಾತು ಬರುತ್ತದೆ: ಮನುಷ್ಯ ಗಳಿಗೆಗೊಮ್ಮೆ ತನ್ನ ಹಣದ ಚೀಲ ಮುಟ್ಟಿ ನೋಡಿಕೊಳ್ಳುತ್ತಾನೆ. ಅಂದರೆ ಅವನಿಗೆ ಆಗಲೇ ಗೊತ್ತಾಗಿದೆ, ಅಬಾಯೆಗೆ ತೊಂದರೆಯಿಲ್ಲ. ನಾನು ಇದನ್ನು ಊಹಿಸಿ ಹೇಳಿದ್ದೆ, ಕಾಗದ ತೆಗೆದರೆ ರಾಷಿ ಅದನ್ನೇ ಬರೆದಿದ್ದಾನೆ! ಆ ಸಂಜೆಯ ಖುಷಿಗೆ ಸಾಲದ ಚಿಂತೆಯೂ ಮರೆತುಹೋಯಿತು.

ಓದುವಾಗ ಧಾಟಿ ಹೇಗೆ ಏರಿಳಿಸಿದರೆ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ ಎಂಬುದೊಂದು ಉಪಾಯವಿದೆ. ಅದು ಬರೆದು ತಿಳಿಸುವಂಥದ್ದಲ್ಲ, ಎದುರು ಕೂತವರಿಗೆ ತೋರಿಸುತ್ತೇನೆ.

ನಡುವೆ ಇನ್ನೊಂದು ಪ್ರಯೋಗ. ವೋರ್ಮ್ಸ್ ಊರು ಇಲ್ಲಿಂದ ಒಂದು ಗಂಟೆ ಚಿಲ್ಲರೆ ದೂರ, ವಿದ್ಯಾರ್ಥಿ ಟಿಕೆಟ್‌ನಲ್ಲೇ ಆಗುತ್ತದೆ. ರಾಷಿ ಓದಿದ ಊರದು. ಅಲ್ಲಿನ ಹಳೆಯ ಯಹೂದಿ ಸ್ಮಶಾನದಲ್ಲಿ 11ನೇ ಶತಮಾನದ ಕಲ್ಲುಗಳೂ ಉಳಿದಿವೆ. ತಲೆಗೆ ಟೋಪಿ ಹಾಕಿಕೊಂಡು, ಶನಿವಾರ ಬಿಟ್ಟು ಹೋಗಿ. ಸಂಕ್ಷೇಪಾಕ್ಷರ ಬಿಡಿಸುವುದು, ಅಕ್ಷರಗಳಲ್ಲಿ ಬರೆದ ಇಸವಿ ಲೆಕ್ಕಹಾಕುವುದು ನನಗೆ ಆ ಕಲ್ಲುಗಳ ಮುಂದೆ ಬಂತು, ತರಗತಿಯಲ್ಲಲ್ಲ. ರೋಥೆನ್‌ಬರ್ಗ್‌ನ ರಬ್ಬಿ ಮೇಯಿರ್ (13ನೇ ಶತಮಾನದ ತಾಲ್ಮುಡ್ ಪಂಡಿತ, ಮೇಲೆ ಹೇಳಿದ ಮೇಯಿರ್ ಅಲ್ಲ) ಸಮಾಧಿ ಅಲ್ಲೇ ಇದೆ. 1293ರಲ್ಲಿ ಸೆರೆಯಲ್ಲಿ ತೀರಿಕೊಂಡರು, ದೇಹ ಬಿಡಿಸಿಕೊಳ್ಳಲು 1307ರವರೆಗೆ ಕಾಯಬೇಕಾಯಿತು. ಹಣ ಕೊಟ್ಟು ಬಿಡಿಸಿದ ಅಲೆಕ್ಸಾಂಡರ್ ವಿಂಪ್‌ಫೆನ್ ಸಮಾಧಿ ಪಕ್ಕದಲ್ಲೇ ಇದೆ. ಆ ಎರಡು ಕಲ್ಲುಗಳ ಮುಂದೆ ಬಹಳ ಹೊತ್ತು ನಿಂತಿದ್ದೆ.

ಪುಸ್ತಕಕ್ಕೆ ಹೆಚ್ಚು ಖರ್ಚು ಮಾಡಬೇಡಿ. ಸೆಫಾರಿಯಾ ಜಾಲತಾಣದಲ್ಲಿ ಸ್ಟೈನ್‌ಸಾಲ್ಟ್ಸ್ ಅನುವಾದ 2017ರಿಂದ ಪುಕ್ಕಟೆ ಇದೆ, 1903ರ ಜಾಸ್ಟ್ರೋ ಕೂಡ. ಓದುವ ಸಂಪುಟ ಒಂದನ್ನು ಮಾತ್ರ ಕಾಗದದಲ್ಲಿ ಕೊಳ್ಳಿ.

ಈಗ ಮೂರನೇ ಅಧ್ಯಾಯದಲ್ಲಿದ್ದೇವೆ, ಇಡಗಂಟಿನ ಪ್ರಕರಣ. ತೋಸಾಫೋತ್‌ಗೆ (ರಾಷಿಯ ನಂತರದವರು ಬರೆದ ಟಿಪ್ಪಣಿಗಳು) ನಮ್ಮ ಪೆನ್ಸಿಲ್ ಗುರುತು ಸಾಲುತ್ತಿಲ್ಲ. ಅವರು ಬೇರೆ ಸಂಪುಟದ ಮಾತು ತಂದು ಇಲ್ಲಿ ಎದುರು ನಿಲ್ಲಿಸುತ್ತಾರೆ. ಅದಕ್ಕೆ ಎರಡು ಮೇಜು ಜೋಡಿಸಿ, ಎರಡೂ ಪುಟ ಒಟ್ಟಿಗೆ ತೆರೆದಿಟ್ಟು ಓದಲು ಶುರು ಮಾಡಿದ್ದೇವೆ.